ಸದ್ದಿಲ್ಲದ ಪಂಪು

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಮಾತು ಎಲ್ಲರಿಗೂ ಗೊತ್ತು. ಕೂಸಿನ ಜಾಗದಲ್ಲಿ ಅರವತ್ತೊಂದು ವರ್ಷದ ಮಾವನಿದ್ದರೆ ಏನಾಗುತ್ತದೆ ಎಂದು ಮಾತ್ರ ಗಾದೆ ಕಟ್ಟಿದವರು ಹೇಳಿ ಹೋಗಲಿಲ್ಲ. ಈ ಮನೆಯಲ್ಲಿ ಅದು ನಡೆಯಿತು. ಅದೂ ಒಂದು ಮುಷ್ಟಿ ಗಾತ್ರದ ಪಂಪಿನ ದೆಸೆಯಿಂದ.

ತಾತ ಮಗಳ ಮನೆಗೆ ಬಂದು ಎಂಟು ತಿಂಗಳಾಗಿತ್ತು. ಅದಕ್ಕೆ ಮೊದಲು ಮೂವತ್ತನಾಲ್ಕು ವರ್ಷ ಊರಿಗೆ ನೀರೆತ್ತುವ ಪಂಪ್‌ಹೌಸಿನಲ್ಲಿ ಆಪರೇಟರ್ ಆಗಿ, ಅದರ ಗೋಡೆಗೇ ಅಂಟಿಕೊಂಡಿದ್ದ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿದ್ದ. ಮೋಟಾರುಗಳ ಸದ್ದನ್ನು ಮೀರಿ ದನಿಯೆತ್ತಿ ಮಾತಾಡಿ ಮಾತಾಡಿ ಅವನ ಗಂಟಲು ಹಿಗ್ಗಿಹೋಗಿತ್ತು. ಜೊತೆಯ ಕೆಲಸಗಾರರು ಅವನನ್ನು ಗಂಟಲಪ್ಪ ಎಂದೇ ಕರೆಯುತ್ತಿದ್ದರು. ನಿವೃತ್ತಿಯಾದ ವರ್ಷವೇ ಹೆಂಡತಿ ತೀರಿಕೊಂಡಳು. ಕ್ವಾರ್ಟರ್ಸ್ ಬಿಡಬೇಕಾಯಿತು. ಮಗಳು ಬಂದು ಕರೆದುಕೊಂಡು ಹೋದಳು.

ಮಗಳು ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಮೇಲ್ವಿಚಾರಕಿ. ಅಳಿಯ ಕಟ್ಟುಹಲ್ಲು ತಯಾರಿಸುವವನು. ಆ ಪೇಟೆಯ ಅರ್ಧ ಮುದುಕರ ನಗು ಅವನ ಕೈಯದೇ, ಆದರೆ ಅವನು ನಕ್ಕದ್ದನ್ನು ಕಂಡವರು ಕಡಿಮೆ. ಮಾವನೊಡನೆ ಅವನ ಮಾತು ದಿನಕ್ಕೆ ಒಂದು: “ಊಟ ಆಯ್ತಾ ಮಾವ?” ಉತ್ತರ ಬರುವಷ್ಟರಲ್ಲಿ ಆ ಕಡೆ ತಿರುಗಿರುತ್ತಿದ್ದ. ಇನ್ನು ಮೊಮ್ಮಗಳು, ಹದಿನಾಲ್ಕು ವರ್ಷದವಳು, ಚೂಟಿ ಎಂದು ಕರೆಸಿಕೊಂಡು ಹೆಸರಿಗೆ ತಕ್ಕಂತೆ ಇದ್ದವಳು.

ತಾತನಿಗೆ ಕೊಟ್ಟ ಕೋಣೆಯಲ್ಲಿ ಮಂಚದ ಪಕ್ಕಕ್ಕೇ, ಮಂಚದಷ್ಟೇ ಉದ್ದದ ಗಾಜಿನ ತೊಟ್ಟಿಯಿತ್ತು. ಅದು ಅಳಿಯನ ಹುಚ್ಚು. ಉಪ್ಪುನೀರು, ನಾಲ್ಕು ಮೀನು, ಕಲ್ಲಿನ ಮೇಲೆ ಹಬ್ಬಿದ ಹವಳ. ಹವಳವೆಂದರೆ ಸರಕ್ಕೆ ಪೋಣಿಸುವ ಮಣಿ ಎಂದಷ್ಟೇ ತಿಳಿದಿದ್ದ ತಾತನಿಗೆ, ಅದು ಜೀವವಿರುವ ಪ್ರಾಣಿ, ಕಾಲಿಲ್ಲ, ಇದ್ದಲ್ಲೇ ಇರುತ್ತದೆ, ನೀರು ತಂದುಕೊಟ್ಟರೆ ಉಣ್ಣುತ್ತದೆ, ಇಲ್ಲದಿದ್ದರೆ ಮುದುಡುತ್ತದೆ ಎಂದು ಚೂಟಿ ಪಾಠ ಮಾಡಿದ್ದಳು.

“ಹಾಗಾದ್ರೆ ಅದೂ ನನ್ನ ಹಾಗೆ ಪಿಂಚಣಿದಾರ ಅನ್ನು” ಎಂದು ತಾತ ನಕ್ಕಿದ್ದ.

ನೀರು ಸದಾ ತಿರುಗುತ್ತಿರಲೆಂದು ಗಾಜಿಗೆ ಅಯಸ್ಕಾಂತದಿಂದ ಕಚ್ಚಿಸಿದ್ದ ಪಂಪೊಂದು ಒಳಗೆ ಗುಂಯ್ ಎನ್ನುತ್ತಿತ್ತು. ಆ ಗುಂಯ್ ಗಾಜಿನಿಂದ ಸ್ಟ್ಯಾಂಡಿಗೆ, ಸ್ಟ್ಯಾಂಡಿನಿಂದ ನೆಲಕ್ಕೆ, ನೆಲದಿಂದ ಮಂಚದ ಕಾಲಿಗೆ ಹತ್ತಿ, ಕೊನೆಗೆ ತಾತನ ಬೆನ್ನಿಗೆ ಬಂದು ಸೇರುತ್ತಿತ್ತು. ಅದೇ ಅವನ ಜೋಗುಳ. ಪಂಪ್‌ಹೌಸಿನವನ ನಿದ್ದೆ ಲೋಕದ ನಿದ್ದೆಯಂತಲ್ಲ. ಮೋಟಾರು ಓಡುತ್ತಿರುವ ತನಕ ಅವನು ಮಲಗಬಹುದು. ಸದ್ದು ನಿಂತ ಗಳಿಗೆ ಎದ್ದು ಓಡಬೇಕು, ಇಲ್ಲವಾದರೆ ಬೆಳಗ್ಗೆ ಇಡೀ ಊರಿನ ನಲ್ಲಿ ಬರೀ ಗಾಳಿ ಉಗುಳುತ್ತದೆ. ಅಷ್ಟು ವರ್ಷ ಅವನನ್ನು ಎಬ್ಬಿಸಿದ್ದು ಗದ್ದಲವಲ್ಲ, ಮೌನ. ಆದರೆ ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದ ಸಂಗತಿ ಎಂದೇ ಅನ್ನಿಸಿರಲಿಲ್ಲ.

ಪಂಪಿನ ದನಿ ಕೆಟ್ಟದ್ದು ಮೊದಲು ಗೊತ್ತಾದದ್ದೂ ಅವನಿಗೇ.

“ನಿಮ್ಮ ಪಂಪಿಗೆ ವಯಸ್ಸಾಯ್ತು” ಎಂದ, ಬೆಳಗಿನ ಚಹಾದ ಹೊತ್ತಿಗೆ.

“ಅಪ್ಪಾ, ಮೆಲ್ಲಗೆ. ಪಕ್ಕದ ಮನೆಯವರೂ ತಿಂಡಿ ತಿಂತಿದಾರೆ” ಎಂದಳು ಮಗಳು.

“ಒಳಗಿನ ಕಡ್ಡಿ ಸವೆದಿದೆ. ಗುಂಯ್ ಅನ್ನೋದರ ಅಡೀಲಿ ಗರಗರ ಅಂತಿದೆ.”

ಮಗಳು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಚಾಕು ಕೆಳಗಿಟ್ಟಳು. “ಕೇಳಿದ್ರೇನ್ರೀ? ಅವರ ಬಾಯಿಂದಲೇ ಬಂತು. ಎಂಟು ತಿಂಗಳಿಂದ ಹೇಳ್ತಾನೇ ಇದೀನಿ, ಆ ಗದ್ದಲದಲ್ಲಿ ಮನುಷ್ಯರು ಮಲಗೋಕಾಗಲ್ಲ ಅಂತ.”

“ಗದ್ದಲ ಅಂತ ಅವರೆಲ್ಲಂದ್ರು? ಸವೆದಿದೆ ಅಂದ್ರು.”

“ಎರಡೂ ಒಂದೇ.”

“ಒಂದೇ ಹೇಗಾಗುತ್ತೆ? ಹೊಸದು ತರೋದೇ ಆದ್ರೆ ಜೋರಾಗಿರೋದನ್ನ ತರ್ತೀನಿ. ಹಿಂದಿನ ಮೂಲೆಗೆ ನೀರೇ ತಲುಪ್ತಿಲ್ಲ. ಅಲ್ಲಿರೋ ಹವಳ ಮುದುರ್ಕೊಂಡು ಕೂತಿದೆ.”

“ಹವಳ ಮುದುರ್ಕೊಂಡಿದ್ದು ನಿಮಗೆ ಕಾಣುತ್ತೆ. ನಮ್ಮಪ್ಪ ಮುದುರ್ಕೊಂಡಿದ್ದು ಕಾಣಲ್ಲ.”

“ಅಲ್ಲಮ್ಮ, ನನ್ನ ನಿದ್ದೆ...” ಎಂದು ತಾತ ಬಾಯಿ ಹಾಕಿದ.

“ನೀನು ಸುಮ್ನಿರಪ್ಪ. ನೀನೇನು ಹೇಳ್ತೀಯ ಅಂತ ಗೊತ್ತು. ನಂಗೇನೂ ತೊಂದ್ರೆ ಇಲ್ಲ ಅಂತೀಯ. ಹುಟ್ಟಿದಾಗಿಂದ ನೋಡಿದೀನಿ, ಒಂದು ದಿನಕ್ಕಾದ್ರೂ ಇದು ಬೇಕು ಅಂತ ಬಾಯಿಬಿಟ್ಟು ಕೇಳಿದೀಯಾ?”

“ತಾತ ಏನೋ ಹೇಳ್ತಿದ್ರಮ್ಮ” ಎಂದಳು ಚೂಟಿ.

“ನೀನು ಹಾಲು ಕುಡಿ.”

ಜಗಳ ಒಂದು ವಾರ ನಡೆಯಿತು. ಊಟದ ತಟ್ಟೆಗಳ ಮೇಲೆ, ಒಣಹಾಕಿದ ಬಟ್ಟೆಗಳ ನಡುವೆ, ಬಾಗಿಲಿಗೆ ಚಪ್ಪಲಿ ಹಾಕಿಕೊಳ್ಳುವಾಗ. ಮಾತಿಗೆ ಮುಂಚೆ ತಾತನ ನಿದ್ದೆ, ಮಾತಿನ ಕೊನೆಗೆ ತಾತನ ನಿದ್ದೆ. ತನ್ನ ನಿದ್ದೆಯ ಬಗ್ಗೆ ಇಬ್ಬರು ಇಷ್ಟೊಂದು ತಿಳಿದುಕೊಂಡಿರುವಾಗ ನಡುವೆ ತಾನೇನು ಹೇಳುವುದೆಂದು ತಾತನಿಗೆ ತೋಚಲಿಲ್ಲ. ಮಗಳು ತನಗಾಗಿ ಗಂಡನ ಮುಂದೆ ಸೆರಗು ಕಟ್ಟಿ ನಿಂತಿದ್ದಾಳೆ. ಈಗ ‘ನನಗೆ ಸದ್ದೇ ಇಷ್ಟ’ ಎಂದರೆ ಅವಳು ಮುಖ ಎಲ್ಲಿಟ್ಟುಕೊಳ್ಳಬೇಕು? ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಕೊನೆಗೆ ಅಳಿಯನೇ ಸೋತ. “ಆಯ್ತು ಮಾರಾಯ್ತಿ, ಸದ್ದಿಲ್ಲದ್ದನ್ನೇ ತರ್ತೀನಿ. ಆದ್ರೆ ಮಾವನೂ ಬರಲಿ. ಅವರೇ ಕೇಳಿ ಆರಿಸಲಿ. ಆಮೇಲೆ ನನ್ನ ಮೇಲೆ ಹಾಕ್ಬೇಡ.”

ಅಲಂಕಾರದ ಮೀನು ಮಾರುವ ಅಂಗಡಿ ಎರಡು ಬಸ್ಸು ಬದಲಿಸುವಷ್ಟು ದೂರ. ಅದರ ಯಜಮಾನಿ ಕನ್ನಡಕವನ್ನು ದಾರದಲ್ಲಿ ಕೊರಳಿಗೆ ತೂಗುಹಾಕಿಕೊಂಡಿದ್ದ ಹೆಂಗಸು. ಅವಳ ತೋಳುಗಳು ಮೊಣಕೈವರೆಗೂ ಒದ್ದೆ. ಎರಡು ಪಂಪುಗಳನ್ನು ಮೇಜಿನ ಮೇಲಿಟ್ಟಳು.

“ಹೆಡ್ ಎಷ್ಟು? ಎಷ್ಟು ಎತ್ತರಕ್ಕೆ ಎತ್ತುತ್ತೆ?” ಎಂದು ತಾತ ಕೇಳಿದ. ಅಂಗಡಿಯ ಆ ಕೊನೆಯಲ್ಲಿದ್ದ ಗಿರಾಕಿಯೂ ತಿರುಗಿ ನೋಡಿದ.

“ಇದು ಎತ್ತೋ ಪಂಪಲ್ಲ ಯಜಮಾನ್ರೇ. ಎಲ್ಲಿಗೂ ಎತ್ತಲ್ಲ. ನೀರನ್ನ ಇದ್ದಲ್ಲೇ ತಿರುಗಿಸುತ್ತೆ.”

“ಇದ್ದಲ್ಲೇ ತಿರುಗೋಕೆ ಪಂಪು ಯಾಕಮ್ಮ? ಪಿಂಚಣಿ ತಗೊಂಡ್ರೆ ಸಾಕು.”

ಅವಳು ನಕ್ಕು ಬಿಡಿಸಿ ಹೇಳಿದಳು. ಒಂದು ಹಳೇ ಥರದ್ದು, ಕಿರಿದಾದ ಬಾಯಿ, ಬೆಲೆ ಕಡಿಮೆ, ಹೊಡೆತ ಜೋರು, ಸ್ವಲ್ಪ ಸದ್ದು. ಹವಳಕ್ಕೆ ನೇರ ಹೊಡೆದರೆ ಮೈಯೇ ಕಿತ್ತುಬರುತ್ತದೆ. ಗಾಜಿನ ಕಡೆ ತಿರುಗಿಸಿ, ನೀರು ಒಡೆದು ಹರಡುವಂತೆ ಇಡಬೇಕು. ಇನ್ನೊಂದು ಅಗಲ ಬಾಯಿಯದು, ದುಬಾರಿ, ಸಾಧು. “ಜಾಗ ನೋಡಿ ಇಟ್ರೆ ಎರಡೂ ಕೆಲಸ ಮಾಡುತ್ತೆ” ಎಂದು ಒಂದಾದ ಮೇಲೊಂದನ್ನು ನೀರು ತುಂಬಿದ ಗಾಜಿನ ಪೆಟ್ಟಿಗೆಯಲ್ಲಿ ಓಡಿಸಿದಳು.

ತಾತ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ತುದಿಯನ್ನು ಗಾಜಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ. ಯಂತ್ರದ ಎದೆ ಪರೀಕ್ಷಿಸುವ ಪಂಪ್‌ಹೌಸಿನ ಪದ್ಧತಿ ಅದು. ಮೊದಲನೆಯದು ಓಡಿದಾಗ ಯಾರೋ ಹಳೆಯ ಮನೆಯ ಬಾಗಿಲು ತೆರೆದಂತಾಯಿತು. ಗುಂಯ್ ಎಂದು ದಪ್ಪಗೆ, ಸಮನಾಗಿ, ಮೂಳೆಗಿಳಿಯುವ ಸದ್ದು. ಎರಡನೆಯದು ಓಡಿತು. ಏನೂ ಇಲ್ಲ. ಮಲಗಿದ ಮಗುವಿನ ಉಸಿರಿನಷ್ಟೂ ಇಲ್ಲ.

“ಹೇಳಿ ಮಾವ, ಯಾವುದು? ನಿಮ್ಮ ಕಿವಿ ಹೇಳಿದ್ದೇ ಕೊನೆ ಮಾತು” ಎಂದ ಅಳಿಯ.

ಒಂದು ಮಾತು ಸಾಕಿತ್ತು. ಎರಡನೆಯದರಲ್ಲಿ ಒಳಗೆ ಕಂಪನವಿದೆ, ಬಾಳಿಕೆ ಬರುವುದಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅಲ್ಲಿ ಅವನ ಮಾತನ್ನು ತಪ್ಪೆನ್ನುವವರು ಯಾರೂ ಇರಲಿಲ್ಲ. ಅಳಿಯನಿಗೂ ಜೋರಿನದರ ಮೇಲೇ ಕಣ್ಣು. ಆದರೆ ಯಂತ್ರದ ಮೇಲೆ ಸುಳ್ಳು ಹೇಳಿದವನ ಕೈಯಿಂದ ಭಗವಂತ ಕೆಲಸದ ಹದವನ್ನು ಕಿತ್ತುಕೊಳ್ಳುತ್ತಾನೆ ಎಂಬುದು ತಾತನ ನಂಬಿಕೆ. ಮೂವತ್ತನಾಲ್ಕು ವರ್ಷದಲ್ಲಿ ಪಂಪ್‌ಹೌಸಿನ ದಾಖಲೆ ಪುಸ್ತಕದಲ್ಲಿ ಮೋಟಾರು ಓಡಿದ ಒಂದು ಗಂಟೆಯನ್ನೂ ಸುಳ್ಳು ಬರೆದವನಲ್ಲ.

“ಎರಡನೇದು” ಎಂದ. “ಇದರಲ್ಲಿ ಸದ್ದೇ ಇಲ್ಲ. ಮಾಡಿದವನು ಒಳ್ಳೇ ಕೆಲಸಗಾರ.”

ಹಿಂದಿರುಗುವಾಗ ಬಸ್ಸಿನಲ್ಲಿ, ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಅಳಿಯ ಮಾತಿಗಿಳಿದ. ಎಂಟು ತಿಂಗಳಲ್ಲಿ ಆಡದಷ್ಟನ್ನು ಒಂದೇ ದಾರಿಯಲ್ಲಿ ಆಡಿದ.

“ನನ್ನ ಹತ್ರ ಜನ ಬರಲ್ಲ ಮಾವ. ಅವರ ಬಾಯಿಯ ಅಚ್ಚು ಬರುತ್ತೆ. ಪ್ಲಾಸ್ಟರಿನದ್ದು. ಹಲ್ಲು ಮಾಡಿ ಕಳಿಸ್ತೀನಿ. ಹಾಕ್ಕೊಂಡೋರು ಯಾರು, ಏನು ತಿಂದ್ರು, ಒಂದೂ ಗೊತ್ತಾಗಲ್ಲ. ಅದಕ್ಕೇ ಟ್ಯಾಂಕು ಇಟ್ಟೆ ಅನ್ಸುತ್ತೆ. ಊಟ ಹಾಕಿದ್ರೆ ತಿನ್ನೋದಾದ್ರೂ ಕಾಣುತ್ತೆ.”

“ನನ್ನ ಹತ್ರಾನೂ ಜನ ಬರ್ತಿರಲಿಲ್ಲ” ಎಂದ ತಾತ. “ನೀರು ಹೋಗ್ತಿತ್ತು.”

ಅಳಿಯ ನಕ್ಕ. ಆ ನಗೆ ಕಂಡ ಮೇಲಂತೂ ತಾತನ ಬಾಯಿಗೆ ಬೀಗ ಬಿತ್ತು. ಇಷ್ಟು ಒಳ್ಳೆಯ ಮಧ್ಯಾಹ್ನವನ್ನು ಕೊಟ್ಟ ಪಂಪನ್ನು ಇನ್ನು ಬೇಡವೆನ್ನುವುದು ಹೇಗೆ?

ಹೊಸ ಪಂಪು ಬಂದು ಕುಳಿತಿತು. ಅಳಿಯ ಅದನ್ನು ಒಂದು ಬೆರಳು ಆ ಕಡೆ, ಒಂದು ಬೆರಳು ಈ ಕಡೆ ಸರಿಸಿದ. ತಾತ ನೀರಿನ ಸೆಳೆತ ನೋಡಿ ಸಾಕೆಂದ. ನಾಲ್ಕನೇ ದಿನಕ್ಕೆ ಹಿಂದಿನ ಮೂಲೆಯ ಹವಳ ಬಿಚ್ಚಿಕೊಂಡಿತು. ಹಸಿರು ಕುಚ್ಚುಗಳು ನೀರಿನಲ್ಲಿ ಬಳುಕಿದವು. ಮಗಳು ಬಾಗಿಲಲ್ಲಿ ನಿಂತು ಕಿವಿಗೊಟ್ಟು, “ನೋಡಿ, ಏನೂ ಕೇಳಿಸ್ತಿಲ್ಲ. ಇದನ್ನ ಮೊದಲೇ ಮಾಡಿದ್ರೆ ಏನಾಗ್ತಿತ್ತು?” ಎಂದು ಗಂಡನಿಗೆ ಕೊನೆಯ ಏಟು ಕೊಟ್ಟಳು.

“ಹೇಗಪ್ಪ ನಿದ್ದೆ?” ಎಂದು ಬೆಳಗ್ಗೆ ಕೇಳುತ್ತಿದ್ದಳು.

“ಕಲ್ಲು ಬಿದ್ದ ಹಾಗೆ ಬಿದ್ದಿದ್ದೆ.”

ಪೂರ್ತಿ ಸುಳ್ಳೂ ಅಲ್ಲ. ಕಲ್ಲಿಗೆ ಕಣ್ಣು ಮುಚ್ಚುವ ಅಭ್ಯಾಸವಿಲ್ಲ.

ಎರಡು ವಾರದಲ್ಲಿ ತಾತನ ಕಣ್ಣು ಗುಳಿಬಿದ್ದವು. ಆಲೂಗಡ್ಡೆ ಸುಲಿಯುತ್ತ ತೂಕಡಿಸಿ ಬೆರಳು ಕೊಯ್ದುಕೊಂಡ. ಒಲೆಯ ಮೇಲೆ ಹಾಲಿಟ್ಟು ಗೋಡೆಗೊರಗಿದವನು ಅದು ಉಕ್ಕಿ, ಸುಟ್ಟು, ಪಾತ್ರೆ ಕಪ್ಪಾದ ಮೇಲೆ ಕಣ್ಣು ಬಿಟ್ಟ. ಚೂಟಿ ಪಾತ್ರೆ ಉಜ್ಜುತ್ತ, “ನಾನೇ ಮರೆತೆ ಅಂತ ಅಮ್ಮಂಗೆ ಹೇಳ್ತೀನಿ. ನನಗೆ ಬೈದ್ರೆ ಐದು ನಿಮಿಷ, ನಿನಗೆ ಬೈದ್ರೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಾಳೆ” ಎಂದಳು.

ಒಂದು ದಿನ ಮಗಳು ಊಟದ ಡಬ್ಬಿ ಮರೆತು ಹೋದಳು. ತಾತ ಅದನ್ನು ಹಿಡಿದು ಆಸ್ಪತ್ರೆಗೆ ನಡೆದ. ಬಟ್ಟೆ ಒಗೆಯುವ ಜಾಗ ನೆಲಮಾಳಿಗೆಯಲ್ಲಿ. ಮೆಟ್ಟಿಲಿಳಿಯುವಾಗಲೇ ಪಾದಕ್ಕೆ ಗೊತ್ತಾಯಿತು. ಆಳೆತ್ತರದ ಆರು ಯಂತ್ರಗಳು ಒಂದೇ ಸಮನೆ ಹೊರಳುತ್ತಿದ್ದವು. ಬಿಸಿ, ಸೋಪಿನ ವಾಸನೆ, ಗೋಡೆಗೆ ಒಂದು ಬೆಂಚು.

“ಅಕ್ಕ ವಾರ್ಡುಗಳಿಗೆ ಹೋಗಿದಾರೆ, ಕೂತ್ಕೊಳ್ಳಿ” ಎಂದು ಯಂತ್ರ ನೋಡಿಕೊಳ್ಳುವವನು ಕೂಗಿದ.

“ಕೂತ್ಕೊಂಡೆ” ಎಂದು ತಾತನೂ ಕೂಗಿದ. ಮೆಲ್ಲಗೆ ಎನ್ನುವವರು ಅಲ್ಲಿ ಯಾರೂ ಇರಲಿಲ್ಲ. ಬೆನ್ನನ್ನು ಗೋಡೆಗೆ ಕೊಟ್ಟ. ಗೋಡೆ ನಡುಗುತ್ತಿತ್ತು. ದೇವರೇ ಎಂದು ಒಂದು ಉಸಿರು ಬಿಟ್ಟದ್ದು ನೆನಪು, ಮುಂದಿನದು ಗೊತ್ತಿಲ್ಲ.

ಮರುದಿನ ಡಬ್ಬಿ ಮರೆತಿರಲಿಲ್ಲ, ಆದರೂ ಹೋದ. ಮಗಳು ಮೇಲಕ್ಕೆ ಹೋಗುವ ಹೊತ್ತಿಗೆ ಇಳಿದು, ಅವಳು ಬರುವ ಮುಂಚೆ ಎದ್ದು ಬರುವುದನ್ನು ರೂಢಿಸಿಕೊಂಡ. ಯಂತ್ರದವನು ಒಗೆದ ಹೊದಿಕೆಯೊಂದನ್ನು ತಲೆಗೆ ಮಡಿಸಿಕೊಡುತ್ತಿದ್ದ. ಹೀಗೆ ಹನ್ನೆರಡು ದಿನ ನಡೆಯಿತು. ಹದಿಮೂರನೇ ದಿನ ಮಗಳು ಬೇಗ ಇಳಿದು ಬಂದಳು. ರಾಶಿ ರಾಶಿ ಹಾಸಿಗೆ ಬಟ್ಟೆಯ ನಡುವೆ ಬಾಯಿ ತೆರೆದು ಮಲಗಿದ್ದ ಅಪ್ಪನನ್ನು ಕಂಡು ನಿಂತುಬಿಟ್ಟಳು.

“ಎಬ್ಬಿಸ್ಬೇಡಿ ಅಕ್ಕ. ಇನ್ನರ್ಧ ಗಂಟೆಗೆ ತಾವೇ ಎದ್ದೇಳ್ತಾರೆ, ದಿನಾ ಹಾಗೇ” ಎಂದ ಯಂತ್ರದವನು.

“ದಿನಾನಾ?”

ಅಂದು ರಾತ್ರಿಯೂಟದಲ್ಲಿ ಅವಳು ಅಪ್ಪನಿಗೆ ಅನ್ನ ಬಡಿಸಿದಳು, ಮುಖ ನೋಡಲಿಲ್ಲ.

“ಜನ ಏನಂದ್ಕೋಬೇಕು? ಮಗಳ ಮನೇಲಿ ಮಲಗೋಕೆ ಜಾಗ ಇಲ್ಲ, ಆಸ್ಪತ್ರೆ ಕೊಳೆ ಬಟ್ಟೆ ಮಧ್ಯೆ ಬಂದು ಮಲಗ್ತಾರೆ ಅಂತ. ನಾನು ಯಾವುದಕ್ಕೆ ಕಡಿಮೆ ಮಾಡಿದೆ, ಅದನ್ನಾದ್ರೂ ಹೇಳು.”

“ಯಾವುದಕ್ಕೂ ಇಲ್ಲ.”

“ನನಗೀಗ ಗೊತ್ತಾಯ್ತು” ಎಂದ ಅಳಿಯ, ತಟ್ಟೆ ಸರಿಸಿ. “ಆ ಕೋಣೇಲಿ ಟ್ಯಾಂಕೇ ಇರಬಾರದಿತ್ತು. ದೀಪದ ಬೆಳಕು, ಉಪ್ಪಿನ ವಾಸನೆ. ಯಾರಾದ್ರೂ ಇಟ್ಕೊಳ್ಳೋರಿಗೆ ಕೊಟ್ಬಿಡ್ತೀನಿ.”

ತಾತ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. ಬಸ್ಸಿನಲ್ಲಿ ನಕ್ಕಿದ್ದ ಮುಖ ಮತ್ತೆ ಪ್ಲಾಸ್ಟರಾಗಿತ್ತು.

“ಕೊಡ್ಬೇಡ. ನನಗೆ ಸದ್ದು ಬೇಕು.”

“ಏನು?” ಎಂದಳು ಮಗಳು.

“ಸದ್ದು. ಪಂಪಿನ ಸದ್ದು. ಅದಿಲ್ದೆ ನಂಗೆ ನಿದ್ದೆ ಬರಲ್ಲ. ಮೊದಲಿಂದಾನೂ ಅಷ್ಟೆ.”

ಮಗಳು ಬಡಿಸುವ ಸೌಟನ್ನು ಪಾತ್ರೆಗೆ ಹಾಕಿದಳು.

“ಮತ್ತೆ ಅಂಗಡೀಲಿ ನೀನೇ ಆರಿಸಿದೆಯಂತಲ್ಲ?”

“ಯಾವುದಕ್ಕೆ ಸದ್ದಿಲ್ಲ ಅಂತ ಕೇಳಿದ್ರಿ, ಹೇಳ್ದೆ. ಯಾವುದು ಬೇಕು ಅಂತ ಯಾರೂ ಕೇಳಲಿಲ್ಲ.”

ಅಳಿಯ ತಲೆಯ ಮೇಲೆ ಕೈ ಹೊತ್ತು ಕುಳಿತ. ಚೂಟಿ ಮೊಬೈಲಿನಲ್ಲಿ ಮೋಟಾರಿನ ಸದ್ದೊಂದನ್ನು ಹುಡುಕಿ ತಾತನ ಮುಂದೆ ಹಿಡಿದಳು. ಅವನು ಮರ್ಯಾದೆಗೆಂದು ಪೂರ್ತಿ ಕೇಳಿದ. “ಇದು ಕಿವಿಗೆ ಬರುತ್ತೆ ಪುಟ್ಟಿ, ಬೆನ್ನಿಗೆ ಬರಲ್ಲ.”

“ನಾಳೆನೇ ಹೋಗಿ ಆ ಜೋರಿನದನ್ನ ತರೋಣ ಮಾವ” ಎಂದ ಅಳಿಯ.

“ತಂದ್ರೆ ಹಿಂದಿನ ಮೂಲೇದು ಏನಾಗುತ್ತೆ?”

ಅಳಿಯ ತಡವರಿಸಿದ. “ಅದರ ಹೊಡೆತಕ್ಕೆ ಮತ್ತೆ ಮುದುರ್ಕೋಬಹುದು. ಮುದುರ್ಕೊಳ್ದೇನೂ ಇರಬಹುದು.”

“ಹಾಗಾದ್ರೆ ಬೇಡ” ಎಂದ ತಾತ. ಮತ್ತೆ ಅಷ್ಟೇ. ಆ ಒಂದು ಮಾತಿನಿಂದ ಅವನನ್ನು ಕದಲಿಸಲು ಮೂವರಿಗೂ ಆಗಲಿಲ್ಲ. “ಆಸ್ಪತ್ರೆಗೇ ಬಂದು ಮಲಗು ಬಿಡು. ಜನ ಏನಾದ್ರೂ ಅಂದ್ಕೊಳ್ಳಲಿ” ಎಂದಳು ಮಗಳು, ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತ.

ಭಾನುವಾರ ಮಧ್ಯಾಹ್ನ ಅಳಿಯ ಚೂಟಿಯನ್ನು ಕರೆದುಕೊಂಡು ತೊಟ್ಟಿಗೆ ಉಪ್ಪು ತರಲು ಹೋಗಿದ್ದ. ಮಗಳು ಒಣಗಿದ ಬಟ್ಟೆಗಳನ್ನು ತಂದು ತಾತನ ಮಂಚದ ಮೇಲೆ ಸುರಿದು, ಕುರ್ಚಿ ಎಳೆದುಕೊಂಡು ಮಡಿಸತೊಡಗಿದಳು. ಆಸ್ಪತ್ರೆಯವಳ ಕೈ, ಪ್ರತಿ ಮಡಿಕೆಯೂ ಅಳೆದಂತೆ. ತೊಟ್ಟಿಯಲ್ಲಿ ನೀರು ಸದ್ದಿಲ್ಲದೆ ಸುತ್ತುತ್ತಿತ್ತು.

“ಅಪ್ಪ, ಸದ್ದಿಲ್ದಿದ್ರೆ ಏನಾಗುತ್ತೆ ನಿಂಗೆ? ನಿಜ ಹೇಳು.”

ತಾತ ಹವಳದ ಕಡೆ ನೋಡುತ್ತಲೇ ಹೇಳಿದ.

“ಪಂಪ್‌ಹೌಸಿನ ಮನೇಲಿ ನಿಮ್ಮಮ್ಮ ಮಾತಾಡಿದ್ರೆ ನನಗೆ ಕೇಳಿಸ್ತಿರಲಿಲ್ಲ. ತುಟಿ ಆಡೋದು ಕಾಣೋದು. ಹೂಂ ಅಂತಿದ್ದೆ. ಇಲ್ಲಿಗೆ ಬಂದ ಮೇಲೂ, ಆ ಹಳೇ ಪಂಪು ಗುಂಯ್ ಅಂತಿದ್ದಾಗ, ಅವಳೇನೋ ಹೇಳ್ತಿದಾಳೆ, ಸದ್ದಿಗೆ ನಂಗೆ ಕೇಳಿಸ್ತಿಲ್ಲ ಅಷ್ಟೆ, ಅಂದ್ಕೊಂಡು ಕಣ್ಣು ಮುಚ್ತಿದ್ದೆ.” ಒಂದು ಟವೆಲನ್ನು ಎತ್ತಿಕೊಂಡು, ಮಡಿಸಲು ಹೋಗಿ, ಹಾಗೇ ಇಟ್ಟ. “ಈಗ ಸದ್ದಿಲ್ಲ. ಮಾತಾಡಿದ್ರೆ ಕೇಳಿಸಬೇಕು.”

ಮಗಳ ಕೈ ನಿಂತಿತು.

“ಏನು ಹೇಳ್ತಿದ್ಲಪ್ಪ ಅಮ್ಮ, ಅಷ್ಟೆಲ್ಲ?”

“ಗೊತ್ತಿಲ್ಲ ಕಣಮ್ಮ. ಮೂವತ್ತನಾಲ್ಕು ವರ್ಷ ಹೂಂ ಅಂದುಬಿಟ್ಟೆ.”

ಅವಳು ತಲೆ ತಗ್ಗಿಸಿ ಮೂರು ದಿಂಬಿನ ಚೀಲ ಮಡಿಸಿದಳು. ನಾಲ್ಕನೆಯದನ್ನು ತೊಡೆಯ ಮೇಲೆ ಹರಡಿಕೊಂಡು, ಮೂಗೆಳೆದುಕೊಂಡು, ಗಾಜಿನ ಕಡೆ ಮುಖ ಮಾಡಿಯೇ ಹೇಳಿದಳು: “ನಿನ್ನೆ ಏನಾಯ್ತು ಗೊತ್ತಾ? ಇಂಥದೇ ಒಂದು ದಿಂಬಿನ ಚೀಲದಲ್ಲಿ ಯಾರೋ ಹಲ್ಲಿನ ಸೆಟ್ಟು ಬಿಟ್ಟು ಕಳಿಸಿದ್ರು. ಯಂತ್ರದೊಳಗೆ ಕಟಕಟ ಅಂತ ಸದ್ದು. ಬಾಗಿಲು ತೆಗೆದ್ರೆ, ಫಳಫಳ ಅಂತ ನಗ್ತಾ ಕೂತಿದೆ.”

ಹೂಂ ಎನ್ನುವುದು ತಾತನ ನಾಲಿಗೆಯ ತುದಿಗೆ ಬಂದಿತ್ತು. ಅವನು ಅದನ್ನು ಅಲ್ಲೇ ತಡೆದ. ಮಂಚದಿಂದ ಕಾಲು ಇಳಿಬಿಟ್ಟು, ಮಗಳ ಕಡೆಗೆ ತಿರುಗಿ ಕುಳಿತ.

“ಆಮೇಲೆ?” ಎಂದ. “ಯಾರದಂತೆ ಅದು?”